ಗಾರ್ಡ್ ತನ್ನ ಜಾಗದಲ್ಲಿದ್ದಾನೆಯೇ? - ಇಂಗ್ಲಿಷ್ ಓದಿನ ಪರೀಕ್ಷೆಗಳ ಒಂದು ಹಳೇ ಕಥೆ

ನಾನು ಪುಣೆಗೆ ಬಂದದ್ದು 1986ರ ಜೂನ್ ತಿಂಗಳಲ್ಲಿ. ಹಾವೇರಿ ಕಡೆಯ ಹಳ್ಳಿಯ ಕನ್ನಡ ಶಾಲೆ, ಆಮೇಲೆ ಐಟಿಐ, ಆಮೇಲೆ ಭೋಸರಿಯ ಒಂದು ಸಣ್ಣ ವರ್ಕ್‌ಶಾಪು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ನನಗೆ 68 ಬಂದಿತ್ತು. ನಮ್ಮೂರಿನಲ್ಲಿ ಅದು ಸಣ್ಣ ಸುದ್ದಿಯಲ್ಲ. ಅಪ್ಪ ಓಣಿಯಲ್ಲೆಲ್ಲ ಪೇಡೆ ಹಂಚಿ ಬಂದಿದ್ದ.

ವರ್ಕ್‌ಶಾಪಿನಲ್ಲಿ ಒಂದು ಪವರ್ ಪ್ರೆಸ್ ಇತ್ತು. ಅದರ ಎದೆಯ ಮೇಲೆ ಒಂದು ತಗಡಿನ ಫಲಕ. "ಡು ನಾಟ್ ಆಪರೇಟ್ ಅನ್‌ಲೆಸ್ ದಿ ಗಾರ್ಡ್ ಈಸ್ ಇನ್ ಪ್ಲೇಸ್" ಅಂತ ಬರೆದಿತ್ತು. ನಾನು ನಿಧಾನವಾಗಿ ಓದಿದೆ. ಒಂದೂ ಶಬ್ದ ಗೊತ್ತಿಲ್ಲದ್ದಲ್ಲ! ಆಪರೇಟ್ ಅಂದರೆ ನಡೆಸು, ಗಾರ್ಡ್ ಅಂದರೆ ಕಾವಲುಗಾರ, ಪ್ಲೇಸ್ ಅಂದರೆ ಸ್ಥಳ. ಅಂದರೆ ಕಾವಲುಗಾರ ತನ್ನ ಸ್ಥಳದಲ್ಲಿ ಇರದೆ ಮಷಿನ್ ನಡೆಸಬಾರದು. ನಾನು ಹೊರಗೆ ಹೋಗಿ ಗೇಟಿನ ಕಡೆ ನೋಡಿದೆ. ವಾಚ್‌ಮನ್ ಮಾಮಾ ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ಸರಿ, ಗಾರ್ಡ್ ತನ್ನ ಜಾಗದಲ್ಲಿದ್ದಾನೆ ಅಂತ ಸಮಾಧಾನದಿಂದ ಒಳಗೆ ಬಂದು ಮಷಿನ್ ಚಾಲೂ ಮಾಡಿದೆ. ಪ್ರೆಸ್ಸಿನ ಬಾಯಿಗೆ ಅಡ್ಡ ಇರಬೇಕಾಗಿದ್ದ ಜಾಳಿಗೆಯ ಕವಚ ನೆಲದ ಮೇಲೆ ಬಿದ್ದಿತ್ತು. ಆ ಕವಚಕ್ಕೇ 'ಗಾರ್ಡ್' ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಸೂಪರ್‌ವೈಸರ್ ಓಡಿ ಬಂದು ಸ್ವಿಚ್ ಆರಿಸಿ, ಮರಾಠಿಯಲ್ಲಿ ನನ್ನ ಇಡೀ ವಂಶವನ್ನು ಉದ್ಧಾರ ಮಾಡಿದ ಮೇಲೆ. ಹತ್ತೂ ಬೆರಳು ಇವತ್ತಿಗೂ ಇವೆ, ಅದು ದೇವರ ದಯೆ.

ಈ ಕಥೆಯನ್ನು ನೆಂಟರ ಮುಂದೆ ನಗಿಸಲಿಕ್ಕೆ ನೂರು ಸಲ ಹೇಳಿದ್ದೇನೆ. ಆದರೆ ಇತ್ತೀಚೆಗೆ ನಗು ಬರುತ್ತಿಲ್ಲ. ಕಾರಣ ಒಬ್ಬಳು ಹುಡುಗಿ.

ನಮ್ಮ ಸೊಸೈಟಿಯ ಹಿಂದೆ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಗೌಂಡಿ ಕೆಲಸ ಮಾಡುವವರು ಕಲಬುರಗಿ, ಯಾದಗಿರಿ ಕಡೆಯವರು. ಪುಣೆಯ ಅರ್ಧ ಗೋಡೆಗಳಿಗೆ ಕನ್ನಡ ಮಾತಾಡುತ್ತಲೇ ಸಿಮೆಂಟು ಮೆತ್ತಿದ್ದಾರೆ ಅಂತ ನಾನು ಯಾವಾಗಲೂ ತಮಾಷೆ ಮಾಡುತ್ತೇನೆ. ಅವರಲ್ಲೊಬ್ಬರ ಮಗಳು ಹತ್ತನೇ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮೂರನೆಯದು ಇಂಗ್ಲಿಷ್. ಭಾನುವಾರ ನಮ್ಮ ಮನೆಗೆ ಬಂದು ಓದುತ್ತಾಳೆ. ಒಂದು ಅಭ್ಯಾಸ ಪತ್ರಿಕೆಯಲ್ಲಿ ಇಂಗ್ಲಿಷ್ ಕಥೆಯೊಂದರ ತುಣುಕು, ಕೆಳಗೆ ಐದು ಪ್ರಶ್ನೆ. ಹತ್ತೇ ನಿಮಿಷದಲ್ಲಿ ಐದಕ್ಕೂ ಸರಿಯಾದ ಉತ್ತರ ಬರೆದಳು. ಹತ್ತಕ್ಕೆ ಹತ್ತು. ನನಗೆ ಖುಷಿ. "ಶಾಣ್ಯಾ ಇದ್ದೀ ನೋಡವಾ. ಈಗ ಆ ಕಥಿ ಏನು ಅಂತ ನನಗ ಕನ್ನಡದಾಗ ಹೇಳು" ಅಂದೆ.

ಆಕೆ ಕಾಗದ ನೋಡಿದಳು, ನನ್ನನ್ನು ನೋಡಿದಳು. "ಕಥಿ ಗೊತ್ತಿಲ್ರಿ ಅಂಕಲ್. ಉತ್ತರ ಅಷ್ಟ ಗೊತ್ತು" ಅಂದಳು.

ಮೂವತ್ತೊಂಬತ್ತು ವರ್ಷದ ಹಿಂದಿನ ಆ ತಗಡಿನ ಫಲಕ ಕಣ್ಣ ಮುಂದೆ ಬಂತು. ನನಗೆ 68, ಈಕೆಗೆ ಹತ್ತಕ್ಕೆ ಹತ್ತು. ಇಬ್ಬರಿಗೂ ಯಾರೋ ಪರೀಕ್ಷೆ ಮಾಡಿ 'ಓದಲು ಬರುತ್ತದೆ' ಅಂತ ಸರ್ಟಿಫಿಕೇಟು ಕೊಟ್ಟವರೇ. ಹಾಗಾದರೆ ಆ ಪರೀಕ್ಷೆ ಏನನ್ನು ಅಳೆಯಿತು? ಮಕ್ಕಳನ್ನು ಪರೀಕ್ಷೆ ಮಾಡುತ್ತೇವೆ ಸರಿ, ಪರೀಕ್ಷೆಯನ್ನು ಪರೀಕ್ಷೆ ಮಾಡುವವರು ಯಾರು?

*

ಉತ್ತರ ಅಷ್ಟೇ ಗೊತ್ತು, ಕಥೆ ಗೊತ್ತಿಲ್ಲ ಅಂದರೆ ಹೇಗೆ ಅಂತ ನಿಮಗೆ ಅನ್ನಿಸಿದರೆ ಈ ಕನ್ನಡ ಓದಿ:

"ಒಂದು ಗುಂಜಟ ಬುಳುಕಿಯ ಮೇಲೆ ಜಟರುತ್ತಿತ್ತು. ಆಗ ಪಳಗೂರಿನಿಂದ ಬಂದ ಮುರಂಜಿ ಅದನ್ನು ಲಟಗಿಸಿತು. ಗುಂಜಟಕ್ಕೆ ಬಹಳ ಸೊಳಪಾಯಿತು."

ಈಗ ಪ್ರಶ್ನೆಗಳು. ಗುಂಜಟ ಎಲ್ಲಿ ಜಟರುತ್ತಿತ್ತು? ಮುರಂಜಿ ಎಲ್ಲಿಂದ ಬಂತು? ಗುಂಜಟಕ್ಕೆ ಏನಾಯಿತು?

ನೋಡಿ, ನಿಮಗೂ ಮೂರಕ್ಕೆ ಮೂರು! ಗುಂಜಟ ಪ್ರಾಣಿಯೋ ತರಕಾರಿಯೋ ನನಗೇ ಗೊತ್ತಿಲ್ಲ. ಪ್ರಶ್ನೆಯಲ್ಲಿರುವ ಶಬ್ದವನ್ನು ಮೇಲೆ ಹುಡುಕು, ಅದರ ಅಕ್ಕಪಕ್ಕದ್ದನ್ನು ಇಳಿಸು, ಮುಗಿಯಿತು. ಆ ಹುಡುಗಿ ಮಾಡಿದ್ದೂ ಇದನ್ನೇ. ಆಕೆಯ ತಪ್ಪೇನೂ ಇಲ್ಲ, ಪ್ರಶ್ನೆ ಕೇಳಿದ್ದೇ ಅಷ್ಟು.

*

ಈ ರೋಗ ಹೊಸದೇನೂ ಅಲ್ಲ. ಅದರ ಕಥೆಯಲ್ಲಿ ಪುಣೆಗೂ ನಮ್ಮ ಧಾರವಾಡಕ್ಕೂ ಪಾಲಿದೆ.

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಆ ಮೊದಲ ತಂಡದಲ್ಲಿ ಪಾಸಾದವರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಾಂಡಾರಕರ್ ಇದ್ದರು. ಪುಣೆಯಲ್ಲಿ ಇಬ್ಬರ ಹೆಸರಿನ ಸಂಸ್ಥೆಗಳೂ ಇವೆ, ನೀವು ನೋಡಿಯೇ ಇರುತ್ತೀರಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಹಾಗಾಗಿ ನಮ್ಮ ಕಡೆಯ ಹುಡುಗನೂ ಕಾಲೇಜು ಮೆಟ್ಟಿಲು ಹತ್ತಬೇಕಾದರೆ ಇದೇ ಮೆಟ್ರಿಕ್ಕಿನ ಬಾಗಿಲಲ್ಲಿ ಬರಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅದಕ್ಕೂ ಮುಂಚೆ ಮೆಟ್ರಿಕ್ ದಾಟಿದ ಎಷ್ಟೋ ಹುಡುಗರು ಟ್ರಂಕು ಹೊತ್ತು ಪುಣೆಯ ರೈಲು ಹತ್ತುತ್ತಿದ್ದರು. ಆಲೂರು ವೆಂಕಟರಾಯರು ಓದಿದ್ದು ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು 1913ರಲ್ಲಿ ಮೆಟ್ರಿಕ್ ಮುಗಿಸಿ ಇಲ್ಲಿಗೇ ಬಂದು 1918ರಲ್ಲಿ ಬಿ.ಎ. ಆದರು. ಫರ್ಗ್ಯುಸನ್ ರಸ್ತೆಯಲ್ಲಿ ಓಡಾಡುವಾಗ ಈಗಲೂ ನನಗೆ ಇದು ನೆನಪಾಗಿ ಎದೆ ಒಂದಿಂಚು ಉಬ್ಬುತ್ತದೆ, ಇರಲಿ.

ಆ ಕಾಲದ ಮೆಟ್ರಿಕ್ ಅಂದರೆ ಹೆಚ್ಚಾಗಿ ಇಂಗ್ಲಿಷೇ. ಯಾಕೆಂದರೆ ಮುಂದೆ ಕಾಲೇಜಿನಲ್ಲಿ ಗಣಿತ, ಇತಿಹಾಸ, ತರ್ಕ ಎಲ್ಲವೂ ಇಂಗ್ಲಿಷಿನಲ್ಲಿ. ಹಾಗಾಗಿ ಪರೀಕ್ಷೆಗೆ ಇದ್ದ ಕೆಲಸ ಒಂದೇ: ಈ ಹುಡುಗ ಇಂಗ್ಲಿಷ್ ಪುಸ್ತಕ ಓದಿ ಅರ್ಥ ಮಾಡಿಕೊಂಡಾನೆಯೇ ಅಂತ ಹೇಳುವುದು. ಪುಣೆಯಲ್ಲಿ 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ್, ತಿಲಕ್ ಮತ್ತು ಅವರ ಗೆಳೆಯರು ಶುರು ಮಾಡಿದ ಶಾಲೆಯ ಹೆಸರೇ 'ನ್ಯೂ ಇಂಗ್ಲಿಷ್ ಸ್ಕೂಲ್'. ರಾಷ್ಟ್ರಭಕ್ತರೇ ಕಟ್ಟಿದ ಶಾಲೆಯೂ ತನ್ನ ಯೋಗ್ಯತೆ ತೋರಿಸಬೇಕಾಗಿದ್ದು ಮೆಟ್ರಿಕ್ ಫಲಿತಾಂಶದಲ್ಲೇ.

ಆದರೆ ಪರೀಕ್ಷೆ ತನ್ನ ಆ ಒಂದು ಕೆಲಸವನ್ನಾದರೂ ಮಾಡಿತೇ? ಲಾರ್ಡ್ ಕರ್ಜನ್ 1902ರಲ್ಲಿ ನೇಮಿಸಿದ ವಿಶ್ವವಿದ್ಯಾಲಯ ಆಯೋಗ ಊರೂರು ತಿರುಗಿ ಬರೆದ ವರದಿಯಲ್ಲಿ ಒಂದು ದೂರು ಇದೆ. ಮೆಟ್ರಿಕ್ ಪಾಸಾಗಿ ಬಂದ ಹುಡುಗರಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗುವುದಿಲ್ಲ ಅಂತ. ಅಂದರೆ ಬಾಗಿಲ ಕಾವಲುಗಾರ ಒಳಗೆ ಬಿಟ್ಟ ಜನರಿಗೆ ಒಳಗಿನ ಭಾಷೆಯೇ ಬರುತ್ತಿರಲಿಲ್ಲ. ಗಾರ್ಡ್ ತನ್ನ ಜಾಗದಲ್ಲಿದ್ದ, ಆದರೆ ತಂಬಾಕು ತಿಕ್ಕುತ್ತಿದ್ದ!

ಕಾರಣ ಸರಳ. ಗೊತ್ತುಮಾಡಿದ ಪುಸ್ತಕ, ಅದಕ್ಕೊಂದು ಕೀಲಿಪುಸ್ತಕ, ಅದರಲ್ಲಿ ಸಾರಾಂಶ, ಶಬ್ದಾರ್ಥ, ಉತ್ತರ. ಬಾಯಿಪಾಠ ಮಾಡಿದವನು ಪಾರು. ನಮ್ಮ ಕಾಲದಲ್ಲಿ ಅದೇ 'ಗೈಡ್' ಆಯಿತು, ಮಹಾರಾಷ್ಟ್ರದಲ್ಲಿ 'ಡೈಜೆಸ್ಟ್' ಆಯಿತು. ನಾನು 68 ತೆಗೆದದ್ದು ಗೈಡಿನಿಂದ, ಸುಳ್ಳು ಯಾಕೆ ಹೇಳಲಿ.

ಇಲ್ಲೊಂದು ಮಾತು. ಹಳೆಯ ಕಾಲದಲ್ಲಿ ಭಾಷಾಂತರ ಅಂತ ಒಂದು ಇತ್ತು. ಮಹಾರಾಷ್ಟ್ರದಲ್ಲಿ ತಲೆಮಾರುಗಳ ಕಾಲ ಜನ ಇಂಗ್ಲಿಷ್ ಕಲಿತದ್ದು ತರ್ಖಡಕರ ಭಾಷಾಂತರ ಪಾಠಮಾಲೆಯಿಂದ. ಈಗಿನ ಮೇಷ್ಟರುಗಳಿಗೆ ಭಾಷಾಂತರ ಅಂದರೆ ಹಳೇ ಪದ್ಧತಿ. ಕಲಿಸುವ ವಿಧಾನವಾಗಿ ಅದು ಒಣಗಲು ಇರಬಹುದು, ಒಪ್ಪುತ್ತೇನೆ. ಆದರೆ ಓದಿನ ಪರೀಕ್ಷೆಯಾಗಿ ಅದರಲ್ಲಿ ಒಂದು ಗುಣ ಇತ್ತು. ಮೊದಲು ನೋಡಿರದ ಇಂಗ್ಲಿಷ್ ತುಣುಕನ್ನು ತನ್ನ ಭಾಷೆಗೆ ತರಬೇಕಾದರೆ ಅರ್ಥವಾಗಿರಲೇಬೇಕು. ಗುಂಜಟವನ್ನು ಭಾಷಾಂತರ ಮಾಡಿ ನೋಡೋಣ! ನನ್ನ ಪ್ರೆಸ್ಸಿನ ಫಲಕವನ್ನು ಯಾರಾದರೂ ಕನ್ನಡದಲ್ಲಿ ಹೇಳಿಸಿದ್ದರೆ ನನ್ನ ಓದು ಅಲ್ಲೇ ಸಿಕ್ಕಿಬೀಳುತ್ತಿತ್ತು.

*

ಪರೀಕ್ಷೆಗಳನ್ನೇ ಪರೀಕ್ಷೆಗೆ ಕೂರಿಸುವ ಕೆಲಸ ಗಂಭೀರವಾಗಿ ಶುರುವಾದದ್ದು 1920, 30ರ ದಶಕಗಳಲ್ಲಿ. ಅದರಲ್ಲಿ ಭಾರತಕ್ಕೆ ಸಂಬಂಧಪಟ್ಟ ಮೂವರನ್ನು ಹೇಳಲೇಬೇಕು.

ಮೊದಲನೆಯವರು ಮೈಕೆಲ್ ವೆಸ್ಟ್. ಢಾಕಾದಲ್ಲಿ ಇದ್ದವರು. ಬಂಗಾಳಿ ಹುಡುಗರಿಗೆ ಇಂಗ್ಲಿಷ್ ಓದಿಸಿ ಅಳೆದು ನೋಡಿ 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ನಾವು ಎಲ್‌ಐಸಿ ಪಾಲಿಸಿ ಮಧ್ಯದಲ್ಲಿ ನಿಲ್ಲಿಸಿದರೆ 'ಸರೆಂಡರ್ ವ್ಯಾಲ್ಯೂ' ಅಂತ ಸ್ವಲ್ಪ ದುಡ್ಡು ವಾಪಸ್ಸು ಬರುತ್ತದಲ್ಲ, ಶಿಕ್ಷಣಕ್ಕೂ ಹಾಗೆ ಇರಬೇಕು ಅಂದರು ವೆಸ್ಟ್. ಹೆಚ್ಚಿನ ಮಕ್ಕಳು ಮಧ್ಯದಲ್ಲೇ ಶಾಲೆ ಬಿಡುತ್ತಾರೆ. ಬಿಟ್ಟ ದಿನ ಅವರ ಕೈಯಲ್ಲಿ ಉಪಯೋಗಕ್ಕೆ ಬರುವಂಥದ್ದು ಏನು ಉಳಿಯುತ್ತದೆ? ಅದಕ್ಕಾಗಿ ಓದುವುದನ್ನು ಮೊದಲು ಕಲಿಸಿ ಅನ್ನುವುದು ಅವರ ವಾದ. ಗೌಂಡಿಯ ಮಗಳ ವಿಷಯದಲ್ಲಿ ಸುಮಾರು ನೂರು ವರ್ಷದ ನಂತರವೂ ಇದೇ ಪ್ರಶ್ನೆ ಅಲ್ಲವೇ?

ಎರಡನೆಯವರು ಸರ್ ಫಿಲಿಪ್ ಹಾರ್ಟಾಗ್. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿ. ಕಲ್ಕತ್ತಾ ವಿಶ್ವವಿದ್ಯಾಲಯದ ಸ್ಯಾಡ್ಲರ್ ಆಯೋಗದಲ್ಲೂ ಸದಸ್ಯರಾಗಿದ್ದರು. ಇಂಗ್ಲೆಂಡಿಗೆ ಹೋದ ಮೇಲೆ 1935ರಲ್ಲಿ ರೋಡ್ಸ್ ಅನ್ನುವವರ ಜೊತೆ ಸೇರಿ 'ಪರೀಕ್ಷೆಗಳ ಪರೀಕ್ಷೆ' ಅನ್ನುವ ಅರ್ಥದ ಹೆಸರಿನ ಪುಸ್ತಕವನ್ನೇ ತಂದರು. ಅದರಲ್ಲಿ ಒಂದು ಪ್ರಯೋಗ ಇದೆ. ವಿಷಯ ಇಂಗ್ಲಿಷ್ ಅಲ್ಲ, ಇತಿಹಾಸ. ಆದರೂ ಕೇಳಿ. 15 ಉತ್ತರಪತ್ರಿಕೆಗಳನ್ನು ಅನುಭವಸ್ಥ ಪರೀಕ್ಷಕರು ತಿದ್ದಿದರು. ಒಂದು ವರ್ಷಕ್ಕೂ ಹೆಚ್ಚು ಸಮಯ ಬಿಟ್ಟು ಅವರಲ್ಲೇ 14 ಜನರ ಕೈಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಪಾಸು, ಫೇಲು, ವಿಶೇಷ ದರ್ಜೆ ಅಂತ ಕೊಡುವ ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು! ಅದೇ ಮನುಷ್ಯ, ಅದೇ ಕಾಗದ. ಹುಡುಗನ ಹಣೆಬರಹ ಮಾತ್ರ ಬೇರೆ.

ಮೂರನೆಯವರು ನಮ್ಮವರು. ಧಾರವಾಡದ ವಿ. ವಿ. ಕಾಮತ್. ಫ್ರಾನ್ಸಿನ ಬಿನೇ ಮಾಡಿದ್ದ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದವರು. 'ಬಿನೇ-ಕಾಮತ್ ಪರೀಕ್ಷೆ' ಅಂತ ಇವತ್ತಿಗೂ ಹೆಸರಿದೆ. ಅದು ಓದಿನ ಪರೀಕ್ಷೆ ಅಲ್ಲ, ನಿಜ. ಆದರೆ ಅವರ ಕೆಲಸದಿಂದ ನನಗೆ ಕಾಣುವ ಪಾಠ ದೊಡ್ಡದು. ಬೇರೆ ಊರಿನ ತಕ್ಕಡಿಯನ್ನು ಹಾಗೇ ತಂದು ನಮ್ಮ ಮಕ್ಕಳನ್ನು ತೂಗಬೇಡಿ. ಮೊದಲು ನಮ್ಮ ಮಕ್ಕಳ ಮೇಲೆ ತಕ್ಕಡಿಯನ್ನು ಸರಿಮಾಡಿಕೊಳ್ಳಿ.

ಈ ತಕ್ಕಡಿಯ ಮಾತಿಗೆ ಇನ್ನೊಂದು ಉದಾಹರಣೆ, ಮದುವೆಯದು. 1979ರಲ್ಲಿ ಅಮೆರಿಕದಲ್ಲಿ ಸ್ಟೆಫೆನ್ಸನ್, ಚಿತ್ರಾ ಜೋಗದೇವ್, ಆಂಡರ್ಸನ್ ಅನ್ನುವ ಮೂವರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ಇಂಗ್ಲಿಷ್ ಪತ್ರಗಳು. ಒಂದರಲ್ಲಿ ಅಮೆರಿಕದ ಮದುವೆಯ ವರ್ಣನೆ, ಇನ್ನೊಂದರಲ್ಲಿ ಭಾರತದ ಮದುವೆಯದ್ದು. ಎರಡನ್ನೂ ಅಮೆರಿಕನ್ನರಿಗೂ ಭಾರತೀಯರಿಗೂ ಓದಲು ಕೊಟ್ಟರು. ಯಾರಿಗೆ ಯಾವ ಮದುವೆ ಗೊತ್ತೋ ಅವರು ಅದನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಅಮೆರಿಕದ ಪತ್ರದಲ್ಲಿ ಮದುಮಗಳು ಅಜ್ಜಿಯ ಮದುವೆಯ ಉಡುಪು ತೊಟ್ಟಿದ್ದಳು. ಅಲ್ಲಿ ಅದು ಹೆಮ್ಮೆ. ಅದನ್ನು ಓದಿದ ಭಾರತೀಯರೊಬ್ಬರಿಗೆ ಅದು ಹಳೆಯದು, ಫ್ಯಾಶನ್ ಹೋದ ಬಟ್ಟೆ ಅಂತ ಅನ್ನಿಸಿತ್ತಂತೆ! ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ಗೊತ್ತಿರದಿದ್ದದ್ದು ಆ ಮದುವೆ. ಹಾಗಾದರೆ ಹಿಮದಲ್ಲಿ ಜಾರುವ ಆಟದ ಬಗ್ಗೆ ತುಣುಕು ಕೊಟ್ಟು ಯಾದಗಿರಿಯ ಹುಡುಗಿಗೆ ಕಡಿಮೆ ಅಂಕ ಕೊಟ್ಟರೆ ನಾವು ಅಳೆದದ್ದು ಓದನ್ನೋ, ಹಿಮವನ್ನೋ?

*

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು ಅಂತ ಬೇಗ ಬೇಗ ಹೇಳಿಬಿಡುತ್ತೇನೆ.

ಮುಂಬಯಿ ಪ್ರಾಂತದಲ್ಲಿ ವಿಶ್ವವಿದ್ಯಾಲಯದ ಮೆಟ್ರಿಕ್ ಹೋಗಿ 1949ರಲ್ಲಿ ಎಸ್ಸೆಸ್ಸಿ ಬಂತು. ಆಗ ಮುಂಬಯಿಯ ಶಿಕ್ಷಣ ನಿರ್ದೇಶಕರಾಗಿದ್ದವರು ನಮ್ಮ ಡಿ. ಸಿ. ಪಾವಟೆ. ಗಣಿತದಲ್ಲಿ ಕೇಂಬ್ರಿಜ್ಜಿನ ರ‍್ಯಾಂಗ್ಲರ್. ಮುಂದೆ 1954ರಿಂದ ಕರ್ನಾಟಕ ವಿಶ್ವವಿದ್ಯಾಲಯ ಕಟ್ಟಿದವರು. ಆ ಕಾಲದ ಮುಂಬಯಿ ರಾಜ್ಯದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಎಂಟನೇ ತರಗತಿಯಿಂದ. ಮಹಾರಾಷ್ಟ್ರ ಆದ ಮೇಲೆ ಐದಕ್ಕೆ ಇಳಿಯಿತು, 2000ದಲ್ಲಿ ಒಂದನೇ ತರಗತಿಗೇ ಬಂತು. ಇಂಗ್ಲಿಷ್ ಯಾವಾಗ ಶುರು ಮಾಡಬೇಕು ಅಂತ ಐವತ್ತು ವರ್ಷ ಜಗಳ ಆಡಿದೆವು. ಕೊನೆಯಲ್ಲಿ ಅದನ್ನು ಹೇಗೆ ಅಳೆಯಬೇಕು ಅನ್ನುವುದಕ್ಕೆ ಅದರ ಹತ್ತರಲ್ಲಿ ಒಂದು ಪಾಲು ಜಗಳವೂ ಆಗಲಿಲ್ಲ.

ಪ್ರಯತ್ನವೇ ಆಗಲಿಲ್ಲ ಅಂತಲ್ಲ. 1957ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಅವರನ್ನು ಕರೆಸಿದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಆಯಿತು. ನೆನಪು ಒಂದು, ತಿಳಿವಳಿಕೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಕೇಳಬೇಕು ಅಂತ ಮೇಷ್ಟರುಗಳಿಗೆ ಕಮ್ಮಟಗಳು ನಡೆದವು. ಅದೇ 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಗಾಗಿ ಕೇಂದ್ರ ಸಂಸ್ಥೆ ಬಂತು. ಅದರ ನಿರ್ದೇಶಕರಾಗಿದ್ದವರು ಯಾರು ಗೊತ್ತೇ? ವಿ. ಕೃ. ಗೋಕಾಕ್! ಹಿಂದೆ ಇದೇ ಪುಣೆಯ ಫರ್ಗ್ಯುಸನ್‌ನಲ್ಲಿ ಇಂಗ್ಲಿಷ್ ಕಲಿಸಿದವರು. ಮುಂದೆ 1981ರಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಅಂತ ವರದಿ ಕೊಟ್ಟವರೂ ಅವರೇ. ಇಂಗ್ಲಿಷಿನ ಮನೆ ನೋಡಿಕೊಂಡವರೇ ಕನ್ನಡಕ್ಕೆ ಮೊದಲ ಮಣೆ ಹಾಕಿ ಅಂದರು. ಇದರಲ್ಲಿ ವಿರೋಧ ಇದೆ ಅಂತ ಹಲವರಿಗೆ ಅನ್ನಿಸುತ್ತದೆ, ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಇನ್ನೊಂದು ನಮ್ಮ ಬೆಂಗಳೂರಿನ ಹೆಸರೇ ಹೊತ್ತ ಕಥೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು ಮತ್ತು ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಬೋಧಿಸದೆ, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಮಕ್ಕಳು ತಲೆ ಓಡಿಸಿ ಬಿಡಿಸುವ ಹಾಗೆ ಇಂಗ್ಲಿಷ್ ಕಲಿಸುವುದು. ಜಗತ್ತಿನ ಇಂಗ್ಲಿಷ್ ಮೇಷ್ಟರುಗಳಿಗೆಲ್ಲ ಇದು 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಗೊತ್ತು. ಸರಿ, ಇದು ಫಲ ಕೊಟ್ಟಿತೇ ಅಂತ ನೋಡಲು ಬೆರೆಟ್ಟಾ ಮತ್ತು ಡೇವಿಸ್ ಅನ್ನುವ ಇಬ್ಬರು ಬಂದರು. ಅವರಿಗೆ ಎದುರಾದ ಸಮಸ್ಯೆ ಏನೆಂದರೆ ಯಾವ ಪರೀಕ್ಷೆ ಕೊಡುವುದು? ವ್ಯಾಕರಣದ ಪರೀಕ್ಷೆ ಕೊಟ್ಟರೆ ಹಳೇ ಪದ್ಧತಿಯ ಮಕ್ಕಳಿಗೆ ಲಾಭ. ಬಿಡಿಸುವ ಕೆಲಸ ಕೊಟ್ಟರೆ ಪ್ರಭು ಅವರ ಮಕ್ಕಳಿಗೆ ಲಾಭ. ಅದಕ್ಕೆ ಎರಡೂ ಕೊಟ್ಟರು. ಜೊತೆಗೆ ಯಾರ ಕಡೆಗೂ ವಾಲದ ಮೂರು ಪರೀಕ್ಷೆ ಸೇರಿಸಿದರು: ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಕೇಳಿ-ಓದಿ ಅರ್ಥ ಮಾಡಿಕೊಳ್ಳುವುದು. 1985ರಲ್ಲಿ ಬಂದ ಅವರ ವರದಿ ಪ್ರಯೋಗದ ಪರವಾಗಿಯೇ ಇತ್ತು, ಆದರೆ ತೀರಾ ಎಚ್ಚರದಿಂದ ಹೇಳಿದ ಪರ. ಫಲಿತಾಂಶಕ್ಕಿಂತ ನನಗೆ ಇಷ್ಟವಾದದ್ದು ಆ ಎಚ್ಚರ. ಅಂಕ ನೋಡುವ ಮೊದಲು ತಕ್ಕಡಿ ಯಾರ ಕಡೆ ವಾಲಿದೆ ಅಂತ ನೋಡಿದರಲ್ಲ!

*

ಈಗ ಪುಣೆಗೆ ವಾಪಸ್ಸು. ಮಹಾರಾಷ್ಟ್ರದ ಎಸ್ಸೆಸ್ಸಿ ಮಂಡಳಿಯ ಕೇಂದ್ರ ಕಚೇರಿ ಇರುವುದು ನಮ್ಮ ಪುಣೆಯಲ್ಲೇ. 1967ರಲ್ಲಿ ಶುರುವಾದ ಪಠ್ಯಪುಸ್ತಕಗಳ ಬಾಲಭಾರತಿಯೂ ಇಲ್ಲೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗೆ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಮಾಡುತ್ತದೆ ಅನ್ನುವುದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ನಂಬುವುದೇ ಇಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಈಗ ಪಠ್ಯದೊಳಗಿನ ತುಣುಕೂ ಇರುತ್ತದೆ, ಪಠ್ಯದ ಹೊರಗಿನ ತುಣುಕೂ ಇರುತ್ತದೆ. ಪ್ರಶ್ನೆಪತ್ರಿಕೆ ಹೋಗಿ 'ಕೃತಿಪತ್ರಿಕೆ' ಬಂದಿದೆ. ನಮ್ಮ ಕಾಲಕ್ಕಿಂತ ಎಷ್ಟೋ ವಾಸಿ, ಒಪ್ಪಿಕೊಳ್ಳಲೇಬೇಕು. ಆದರೆ ಹೊರಗಿನ ತುಣುಕು ಕೊಟ್ಟ ಮಾತ್ರಕ್ಕೆ ಗುಂಜಟದ ಕಾಯಿಲೆ ಹೋಗುವುದಿಲ್ಲ. ತುಣುಕು ಹೊಸದಾದರೂ ಪ್ರಶ್ನೆ ಹಳೆಯದೇ ಆಗಿದ್ದರೆ ಸಾಲು ಹುಡುಕಿ ಇಳಿಸುವವನೇ ಗೆಲ್ಲುತ್ತಾನೆ.

ದೇಶದ ಲೆಕ್ಕ ಬೇಕಾದರೆ 2024ರ ಜನವರಿಯಲ್ಲಿ ಬಂದ 'ಅಸರ್' ವರದಿ ಇದೆ. 2023ರಲ್ಲಿ 28 ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ 14ರಿಂದ 18 ವರ್ಷದವರನ್ನು ಮನೆಗೆ ಹೋಗಿ ಓದಿಸಿದರು. ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು 57.3%. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು 73.5%. ಗುಣಿಸಿ ನೋಡಿ, ನೂರಕ್ಕೆ ಸುಮಾರು 42. ಈ ಪರೀಕ್ಷೆ ಬಹಳ ಚಿಕ್ಕದು, ನಾಲ್ಕು ವಾಕ್ಯದ ಆಟ. ಆದರೆ ದೊಡ್ಡ ದೊಡ್ಡ ಪರೀಕ್ಷೆಗಳು ಮಾಡದ ಒಂದು ಕೆಲಸವನ್ನು ಅದು ಮಾಡಿತು. ಓದು ಅಂದಿತು, ಆಮೇಲೆ ಅರ್ಥ ಹೇಳು ಅಂದಿತು. ಎರಡನ್ನೂ ಬೇರೆ ಬೇರೆ ಬರೆದುಕೊಂಡಿತು.

*

ಹಾಗಾದರೆ ಒಳ್ಳೆಯ ಓದಿನ ಪರೀಕ್ಷೆಯನ್ನು ಗುರುತಿಸುವುದು ಹೇಗೆ? ನಾನು ಮೇಷ್ಟರಲ್ಲ, ಟರ್ನರ್ ಆಗಿದ್ದವನು. ವರ್ಕ್‌ಶಾಪಿನಲ್ಲಿ ಕೆಲಸಕ್ಕಿಂತ ಮೊದಲು ಗೇಜು ಸರಿ ಇದೆಯೇ ನೋಡು ಅಂತ ಕಲಿಸುತ್ತಾರೆ. ಮೇಲಿನ ಇತಿಹಾಸದಿಂದ ನಾನು ಹೆಕ್ಕಿಕೊಂಡ ನಾಲ್ಕು ಗೇಜುಗಳನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಒಂದು, ತುಣುಕು ಮುಚ್ಚಿ ಪ್ರಶ್ನೆ ಮಾತ್ರ ಕೊಡಿ. ಉತ್ತರ ಬಂದರೆ ಆ ಪ್ರಶ್ನೆ ಓದಿನದ್ದಲ್ಲ. ನಾನು ಆ ಹುಡುಗಿಯ ಮೇಲೆ ಇದನ್ನು ಮಾಡಿ ನೋಡಿದೆ. ಮರಗಳ ಬಗ್ಗೆ ಒಂದು ತುಣುಕು. ಕೈಯಿಂದ ಮುಚ್ಚಿಟ್ಟು ಐದು ಪ್ರಶ್ನೆ ಕೇಳಿದೆ. ಮೂರಕ್ಕೆ ಸರಿಯಾಗಿ ಹೇಳಿದಳು. ಮರ ಯಾಕೆ ಬೇಕು ಅಂತ ಯಾರಿಗೆ ಗೊತ್ತಿಲ್ಲ!

ಎರಡು, ತುಣುಕಿನ ಸಾಲನ್ನು ಹಾಗೇ ಇಳಿಸಿದರೆ ಪೂರ್ತಿ ಅಂಕ ಸಿಗುತ್ತದೆಯೇ? ಸಿಕ್ಕಿದರೆ ಅದು ಕಣ್ಣಿನ ಪರೀಕ್ಷೆ. ಎರಡು ಸಾಲುಗಳನ್ನು ಜೋಡಿಸಿದರೆ ಮಾತ್ರ ಹೊಳೆಯುವ ಒಂದು ಪ್ರಶ್ನೆಯಾದರೂ ಇರಬೇಕು. ಅವನು ಯಾಕೆ ವಾಪಸ್ಸು ಹೋದ, 'ಅನ್‌ಲೆಸ್' ಇಲ್ಲದಿದ್ದರೆ ಅರ್ಥ ಏನಾಗುತ್ತಿತ್ತು, ಇಂಥವು.

ಮೂರು, ಇಬ್ಬರು ತಿದ್ದಿದರೆ ಒಂದೇ ಅಂಕ ಬರುತ್ತದೆಯೇ? ಜೊತೆಗೆ, ಚೆನ್ನಾಗಿ ಓದುವ ಮಕ್ಕಳು ಹೆಚ್ಚಾಗಿ ಸರಿ ಮಾಡಿ, ಓದಲಾರದವರು ಹೆಚ್ಚಾಗಿ ತಪ್ಪು ಮಾಡುವ ಪ್ರಶ್ನೆ ಒಳ್ಳೆಯದು. ಎಲ್ಲರೂ ಸರಿ ಮಾಡಿದರೆ ಅಥವಾ ಎಲ್ಲರೂ ತಪ್ಪು ಮಾಡಿದರೆ ಅದರಿಂದ ಯಾರ ಬಗ್ಗೆಯೂ ಏನೂ ಗೊತ್ತಾಗಲಿಲ್ಲ. ಜಾಣರೇ ಎಡವಿ ಉಳಿದವರು ಪಾರಾದರೆ ಪ್ರಶ್ನೆಯಲ್ಲೇ ಎಡವಟ್ಟಿದೆ. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ತರಗತಿಯ ಪತ್ರಿಕೆಗಳನ್ನು ಎರಡು ಗುಂಪು ಮಾಡಿ ಎಣಿಸಿದರೆ ಸಾಕು.

ನಾಲ್ಕು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಓದನ್ನು ಅಳೆಯುವಾಗ ಬರೆಯುವುದನ್ನು ಅಡ್ಡ ತರಬೇಡಿ. ಇಂಗ್ಲಿಷ್ ಓದಿ ಅರ್ಥವಾದ ಹುಡುಗಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಲು ಬರದಿದ್ದರೆ ಆಕೆ ಏನು ಮಾಡುತ್ತಾಳೆ? ಸಾಲು ಇಳಿಸುತ್ತಾಳೆ. ಇನ್ನೇನು ಮಾಡಿಯಾಳು! ಅರ್ಥವಾದವಳೂ ಇಳಿಸುತ್ತಾಳೆ, ಅರ್ಥವಾಗದವಳೂ ಇಳಿಸುತ್ತಾಳೆ, ತಿದ್ದುವವರಿಗೆ ಇಬ್ಬರೂ ಒಂದೇ. ಕೆಲವು ಪ್ರಶ್ನೆಗಳಿಗಾದರೂ ಕನ್ನಡದಲ್ಲೋ ಮರಾಠಿಯಲ್ಲೋ ಉತ್ತರ ಬರೆಯಿರಿ ಅಂದರೆ ಎಲ್ಲ ಬಯಲಾಗುತ್ತದೆ. ಹಾಗೆ ಬರೆದರೆ ಇಂಗ್ಲಿಷ್ ಬರೆಯುವುದು ಯಾವಾಗ ಕಲಿಯುತ್ತಾರೆ ಅಂತ ಕೇಳುವವರಿದ್ದಾರೆ. ಅದಕ್ಕೆ ಪ್ರಬಂಧ ಇದೆ, ಪತ್ರ ಇದೆ, ಅಲ್ಲಿ ಅಳೆಯಿರಿ. ಒಂದೇ ತಕ್ಕಡಿಯಲ್ಲಿ ಹಾಲು, ಉಪ್ಪು ಎರಡನ್ನೂ ಸುರಿದು ತೂಗಬೇಡಿ ಅನ್ನುತ್ತೇನೆ ಅಷ್ಟೇ. ಗೋಕಾಕರಲ್ಲಿ ನನಗೆ ವಿರೋಧ ಕಾಣದಿರುವುದೂ ಇದಕ್ಕೇ. ಇಂಗ್ಲಿಷ್ ಎಷ್ಟು ಅರ್ಥವಾಯಿತು ಅಂತ ತಿಳಿಯಲು ಕನ್ನಡ ಗಟ್ಟಿಯಾಗಿ ಬರಬೇಕು.

*

ಈಗ ನಮ್ಮ ಭಾನುವಾರಗಳು ಬದಲಾಗಿವೆ. ಆಕೆ ಇಂಗ್ಲಿಷ್ ತುಣುಕು ಓದುತ್ತಾಳೆ, ನಾನು ಕನ್ನಡದಲ್ಲಿ ಕೇಳುತ್ತೇನೆ, ಆಕೆ ಕನ್ನಡದಲ್ಲಿ ಹೇಳುತ್ತಾಳೆ. ಮೊದಲ ವಾರ ಹತ್ತಕ್ಕೆ ನಾಲ್ಕು ಬಂತು. ಮುಖ ಸಣ್ಣದಾಯಿತು. "ಶಾಲ್ಯಾಗ ಹತ್ತು ಬರ್ತಾವಲ್ರಿ" ಅಂದಳು. ನಾನು ನನ್ನ ಗಾರ್ಡಿನ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಕೆಲಸ ಮಾಡೋ ಸೈಟಿನ್ಯಾಗೂ ಇಂಗ್ಲಿಷ್ ಬೋರ್ಡ್ ಅದಾವ್ರಿ" ಅಂದಳು.

ಮುಂದಿನ ವಾರ ಆಕೆ ಆ ಬೋರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಳು, ಏಳು ಬೋರ್ಡು. ಒಂದೊಂದನ್ನೇ ಕನ್ನಡದಲ್ಲಿ ಹೇಳಿದಳು. ಐದು ಸರಿ. ಎರಡನ್ನು ಇಬ್ಬರೂ ಸೇರಿ ಡಿಕ್ಷನರಿ ನೋಡಿ ಬಿಡಿಸಿದೆವು. ಏಳನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಪ್ಪನಿಗೆ ಓದಿ ಹೇಳಲು ತೆಗೆದುಕೊಂಡು ಹೋದಳು.

ಮಾರ್ಚಿನಲ್ಲಿ ಪರೀಕ್ಷೆ. ಪಾಸಾಗುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆಕೆಗೆ ಸೈನ್ಸ್ ತೆಗೆದುಕೊಳ್ಳುವ ಆಸೆ, ಅಲ್ಲಿ ಜೂನ್‌ನಿಂದ ಎಲ್ಲ ಪುಸ್ತಕವೂ ಇಂಗ್ಲಿಷಿನಲ್ಲಿ. 1902ರ ಆಯೋಗ ಬರೆದ ದೂರಿನಲ್ಲಿ ಆಕೆಯ ಹೆಸರು ಸೇರಬಾರದು ಅನ್ನುವುದಷ್ಟೇ ನನ್ನ ಚಿಂತೆ.

ನಿಮ್ಮ ಮನೆಯಲ್ಲಿ ಹೈಸ್ಕೂಲು ಓದುವವರಿದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಇಂಗ್ಲಿಷಿನಲ್ಲಿ ಎಷ್ಟು ಅಂಕ ಬಂತು ಅಂತ ಕೇಳಬೇಡಿ. ಅವರ ಪತ್ರಿಕೆಯ ಒಂದು ತುಣುಕು ಓದಿಸಿ, ಮುಚ್ಚಿ, "ಏನು ಹೇಳ್ಯಾರ ಇದರಾಗ?" ಅಂತ ಕನ್ನಡದಲ್ಲಿ ಕೇಳಿ. ಉತ್ತರ ಏನು ಬಂತು ಅಂತ ನನಗೂ ತಿಳಿಸಿ.